ಬೆಂಗಳೂರಿನ 25 ಸಾವಿರ, ಹಾಸನದ 18 ಸಾವಿರ: ಯಾವುದು ಜಾಸ್ತಿ?

ಹೋದ ಭಾನುವಾರ ಪಕ್ಕದ ಮನೆ ಹುಡುಗ ಎರಡು ಕಾಗದ ಹಿಡಿದುಕೊಂಡು ಬಂದ. ಐಟಿಐ ಮುಗಿಸಿ ಎರಡು ವರ್ಷ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡಿಯೋ ಮೆಷಿನ್ ಓಡಿಸಿದ್ದಾನೆ. ಜಾಬ್ ಲೋಡ್ ಮಾಡುತ್ತಾನೆ, ಕಡಿಯೋ ತುದಿ ಸವೆದರೆ ಇನ್ಸರ್ಟ್ ಬದಲಾಯಿಸುತ್ತಾನೆ, ಅಳತೆ ಸರಿಮಾಡೋಕೆ ಆಫ್‌ಸೆಟ್ ಕೊಡೋದೂ ಬರುತ್ತೆ. ಒಂದು ಕಾಗದ ನಮ್ಮ ಹಾಸನದ ಕಾರ್ಖಾನೆಯದು. ತಿಂಗಳಿಗೆ 18,000. ಇನ್ನೊಂದು ಬೆಂಗಳೂರಿನ ಪೀಣ್ಯದ್ದು. 25,000. ಹಿಂದೆಯೇ ಅವನಮ್ಮನೂ ಬಂದರು. "ಏಳು ಸಾವಿರ ಜಾಸ್ತಿ ಬರುತ್ತೆ. ಕಳಿಸಿಬಿಡೋದೇ ಸರಿ ಅಲ್ವೇನಪ್ಪಾ? ನೀನೇ ನೋಡಿ ಹೇಳು" ಅಂದರು.

ನಾನು ತಕ್ಷಣ ಏನೂ ಹೇಳಲಿಲ್ಲ. ಒಂದು ಪೆನ್ನು ತಗೊಂಡು ಕಾಗದದ ಹಿಂದುಗಡೆ ಲೆಕ್ಕ ಬರೆಯೋಕೆ ಕೂತೆವು. ಮುಗಿಯೋ ಹೊತ್ತಿಗೆ ಎರಡು ಸಲ ಕಾಫಿ ಆಗಿತ್ತು. ಈ ಲೆಕ್ಕ ಅವನೊಬ್ಬನದಲ್ಲ. ಗೊರೂರು ರಸ್ತೆಯ ಜವಳಿ ಕಾರ್ಖಾನೆಗೆ ಹೋಗೋ ಹೆಣ್ಣುಮಕ್ಕಳಿಗೂ, ಚನ್ನರಾಯಪಟ್ಟಣದಿಂದ ಬೆಂಗಳೂರಿನ ಬಸ್ಸು ಹತ್ತೋ ಹುಡುಗರಿಗೂ ಇದೇ ಪ್ರಶ್ನೆ. ಹಾಗಾಗಿ ಆ ಲೆಕ್ಕವನ್ನೇ ಬಿಡಿಸಿ ಇಲ್ಲಿ ಬರೆದಿದ್ದೇನೆ. ಸಂಬಳ, ಬಾಡಿಗೆ, ಊಟದ ಅಂಕಿಗಳು ನಾವು ಅಂದಾಜಿಗೆ ಇಟ್ಟುಕೊಂಡವು. ನಿಮ್ಮ ಅಂಕಿ ಬೇರೆ ಇರುತ್ತೆ. ಲೆಕ್ಕ ಹಾಕೋ ರೀತಿ ಮಾತ್ರ ಅದೇ.

## ಕಾಗದದ ಮೇಲಿನ ಸಂಬಳ, ಕೈಗೆ ಬರೋ ಸಂಬಳ

ಆಫರ್ ಲೆಟರ್‌ನಲ್ಲಿ ಮೂರು ಥರದ ಮೊತ್ತ ಇರಬಹುದು. ಸಿಟಿಸಿ, ಗ್ರಾಸ್, ಇನ್ ಹ್ಯಾಂಡ್. ಈ ಮೂರನ್ನೂ ಒಂದೇ ಅಂದುಕೊಂಡರೆ ಅಲ್ಲೇ ಲೆಕ್ಕ ಕೆಡುತ್ತೆ.

ಹಸು ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತೆ. ಹಸು ಕೊಟ್ಟ ಹಾಲೆಲ್ಲ ಸೇರಿ ಸಿಟಿಸಿ. ಅದರಲ್ಲಿ ಕರುವಿಗೆ ಬಿಟ್ಟದ್ದೂ ಇದೆ. ತಂಬಿಗೆಗೆ ಕರೆದದ್ದು ಗ್ರಾಸ್. ಡೇರಿಯವರು ಫೀಡಿನ ದುಡ್ಡು ಮುರಿದುಕೊಂಡು ಬಟವಾಡೆ ಕೊಡುತ್ತಾರಲ್ಲ, ಅದು ಇನ್ ಹ್ಯಾಂಡ್. ಸಂಸಾರ ನಡೆಯೋದು ಬಟವಾಡೆಯಲ್ಲಿ.

ಸಿಟಿಸಿ ಅಂದರೆ ಒಬ್ಬ ಕೆಲಸಗಾರನಿಗಾಗಿ ಕಂಪನಿ ಮಾಡೋ ಒಟ್ಟು ಖರ್ಚು. ಅದರೊಳಗೆ ಕಂಪನಿ ತನ್ನ ಪಾಲಿನಿಂದ ಕಟ್ಟೋ ಶೇ 12ರ ಪಿಎಫ್, ಅಂದರೆ ಭವಿಷ್ಯ ನಿಧಿ, ಇರುತ್ತೆ. ಇಎಸ್‌ಐ, ಅಂದರೆ ಕೆಲಸಗಾರರ ಆಸ್ಪತ್ರೆ ಖರ್ಚು ನೋಡಿಕೊಳ್ಳೋ ಸರ್ಕಾರಿ ವಿಮೆ, ಇದ್ದರೆ ಕಂಪನಿಯ ಶೇ 3.25 ಇರುತ್ತೆ. ಕೆಲಸ ಬಿಡುವಾಗ ಕೊಡೋ ಇಡುಗಂಟಿಗೆ, ಅಂದರೆ ಗ್ರಾಚ್ಯುಟಿಗೆ ಅಂತ ಶೇ 4.81 ಸೇರಿಸಿರುತ್ತಾರೆ. ವರ್ಷಕ್ಕೊಮ್ಮೆ ಕೊಡೋ ಬೋನಸ್ಸನ್ನೂ ಹನ್ನೆರಡು ಭಾಗ ಮಾಡಿ ಸೇರಿಸಿರುತ್ತಾರೆ. ಅದು ಸುಳ್ಳು ಲೆಕ್ಕವಲ್ಲ, ಆದರೆ ಆ ದುಡ್ಡು ಈ ತಿಂಗಳ ಬಾಡಿಗೆ ಕಟ್ಟೋಕೆ ಬರೋದಿಲ್ಲ. ನಾನು ಮೊದಲನೇ ಕೆಲಸಕ್ಕೆ ಸೇರಿದಾಗ ಸಿಟಿಸಿಯನ್ನೇ ಸಂಬಳ ಅಂದುಕೊಂಡು ಒಂದು ಚೀಟಿಗೆ ಸೇರಿಕೊಂಡಿದ್ದೆ. ಮೊದಲ ತಿಂಗಳೇ ಕಂತು ಕಟ್ಟೋಕೆ ಅಣ್ಣನ ಮುಂದೆ ಕೈ ಚಾಚಬೇಕಾಯ್ತು.

ಗ್ರಾಸ್‌ನಿಂದ ಏನೇನು ಹಿಡಿಯುತ್ತಾರೆ? ಬೇಸಿಕ್ ಮತ್ತು ಡಿಎ, ಅಂದರೆ ತುಟ್ಟಿಭತ್ಯೆ, ಎರಡೂ ಸೇರಿದ ಮೊತ್ತದ ಶೇ 12 ಪಿಎಫ್‌ಗೆ ಹೋಗುತ್ತೆ. ಪಿಎಫ್ ಕಡ್ಡಾಯವಾಗಿರೋದಕ್ಕೆ ಒಂದು ಮಿತಿ ಇದೆ. 2014ರಲ್ಲಿ ಅದನ್ನು 15,000ಕ್ಕೆ ಏರಿಸಿದರು. 15,000ದ ಶೇ 12 ಅಂದರೆ 1,800. ಬಹಳ ಜನರ ಪೇ ಸ್ಲಿಪ್‌ನಲ್ಲಿ ಈ 1,800 ಕಾಣೋದು ಇದಕ್ಕೇ. ಇನ್ನು ಇಎಸ್‌ಐಗೆ ಕೆಲಸಗಾರನ ಪಾಲು ಶೇ 0.75. ಇದರ ಜೊತೆಗೆ, ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಬರೋರಿಗೆ ವೃತ್ತಿ ತೆರಿಗೆ 200 ರೂಪಾಯಿ.

ನಮ್ಮ ಹುಡುಗನ ಎರಡೂ ಮೊತ್ತ ಅದೃಷ್ಟಕ್ಕೆ ಗ್ರಾಸ್ ಆಗಿದ್ದವು. ಹಾಸನದ 18,000ದಲ್ಲಿ ಬೇಸಿಕ್, ಡಿಎ ಸೇರಿ 15,000. ಪಿಎಫ್ 1,800, ಇಎಸ್‌ಐ ನೂರು ಚಿಲ್ಲರೆ ಹೋಗಿ ಕೈಗೆ ಸುಮಾರು 16,000. ಬೆಂಗಳೂರಿನ 25,000ದಲ್ಲಿ ಬೇಸಿಕ್, ಡಿಎ 21,500. ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ 23,000.

ಇಲ್ಲಿ ಒಂದು ವಿಷಯ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಇಎಸ್‌ಐಗೂ ಸಂಬಳದ ಮಿತಿ ಇದೆ. 2017ರಲ್ಲಿ ಅದನ್ನು 21,000 ಮಾಡಿದರು. ಹಾಸನದ ಕೆಲಸಕ್ಕೆ ಇಎಸ್‌ಐ ಇದೆ. ತಿಂಗಳಿಗೆ ನೂರು ಚಿಲ್ಲರೆ ಕೊಟ್ಟರೆ ಅವನಿಗೆ ಮಾತ್ರವಲ್ಲ, ಅವನನ್ನೇ ನಂಬಿರೋ ಅಪ್ಪ ಅಮ್ಮನಿಗೂ ಆಸ್ಪತ್ರೆ ನಡೆಯುತ್ತೆ. ಬೆಂಗಳೂರಿನ ಸಂಬಳ ಮಿತಿ ದಾಟಿರೋದರಿಂದ ಅಲ್ಲಿ ಇಎಸ್‌ಐ ಇಲ್ಲ. ಕಂಪನಿ ಬೇರೆ ಇನ್ಶೂರೆನ್ಸ್ ಕೊಡಬಹುದು. ಅದರಲ್ಲಿ ಅಪ್ಪ ಅಮ್ಮ ಇರುತ್ತಾರೋ ಇಲ್ಲವೋ ಕೇಳಬೇಕು.

ಇನ್ನೊಂದು ಮಾತು. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅದರ ಪ್ರಕಾರ ಎಚ್‌ಆರ್‌ಎ (ಮನೆ ಬಾಡಿಗೆ), ಕನ್ವೇಯನ್ಸ್ (ಓಡಾಟ) ಥರದ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟುವ ಹಾಗಿಲ್ಲ. ದಾಟಿದರೆ ಹೆಚ್ಚಾದದ್ದನ್ನೂ ವೇತನ ಅಂತಲೇ ಲೆಕ್ಕ ಹಿಡಿಯಬೇಕು. ಬೇಸಿಕ್ ಬಹಳ ಕಡಿಮೆ ತೋರಿಸಿ ಪಿಎಫ್, ಗ್ರಾಚ್ಯುಟಿ ಉಳಿಸೋ ದಾರಿಗೆ ಇದರಿಂದ ಅಡ್ಡಿ. ಅಪ್ರೆಂಟಿಸ್ ಕಾಯ್ದೆಯಡಿ ಸೇರಿಕೊಳ್ಳೋರದು ಮಾತ್ರ ಬೇರೆ ಕಥೆ. ಅವರಿಗೆ ಬರೋದು ಸ್ಟೈಪೆಂಡ್. ಅದರ ಮೇಲೆ ಪಿಎಫ್, ಇಎಸ್‌ಐ ಇರೋದಿಲ್ಲ. ಆಪರೇಟರ್ ಸಂಬಳದ ಪಕ್ಕ ಸ್ಟೈಪೆಂಡ್ ಇಟ್ಟು ಹೋಲಿಸಬೇಡಿ.

## ಎಷ್ಟು ಗಂಟೆಗೆ ಇಷ್ಟು?

ಕೂಲಿ ಕೇಳುವಾಗ ನಮ್ಮೂರಲ್ಲಿ ಯಾರೂ ಬರೀ ಮೊತ್ತ ಕೇಳೋದಿಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕು, ಸಂಜೆ ಎಷ್ಟು ಹೊತ್ತಿಗೆ ಬಿಡ್ತೀರಿ, ಮಧ್ಯಾಹ್ನ ಊಟ ನಿಮ್ಮದಾ ನಮ್ಮದಾ ಅಂತಲೂ ಕೇಳುತ್ತಾರೆ. ಕಾರ್ಖಾನೆ ಕೆಲಸಕ್ಕೆ ಹೋಗುವಾಗ ಮಾತ್ರ ಯಾಕೋ ಇದನ್ನು ಮರೆತುಬಿಡುತ್ತೇವೆ.

ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂದರೆ 208 ಗಂಟೆ. 18,000ವನ್ನು ಇದರಿಂದ ಭಾಗಿಸಿದರೆ ಗಂಟೆಗೆ ಸುಮಾರು 86 ರೂಪಾಯಿ. 25,000 ಆದರೆ ಗಂಟೆಗೆ 120. ಆದರೆ ಆ 25,000 ಬರೋದು 12 ಗಂಟೆ ಶಿಫ್ಟಿಗೆ ಅಂತಾದರೆ? ಆಗ ತಿಂಗಳಿಗೆ 312 ಗಂಟೆ. ಗಂಟೆಗೆ 80 ರೂಪಾಯಿ. ಹಾಸನಕ್ಕಿಂತ ಕಡಿಮೆ!

ಕಾನೂನಿನ ಪ್ರಕಾರ ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು. ಇದೇ ಓಟಿ. ಕೆಲವು ಕಡೆ ಓಟಿ ಸೇರಿಸಿಯೇ "ಇಷ್ಟು ಬರುತ್ತೆ" ಅಂತ ಬಾಯಲ್ಲಿ ಹೇಳುತ್ತಾರೆ. ಆರ್ಡರ್ ಕಡಿಮೆಯಾದ ತಿಂಗಳು ಓಟಿ ಇಲ್ಲ, ಆ ದುಡ್ಡೂ ಇಲ್ಲ. ಅದಕ್ಕೇ ಎರಡು ಊರಿನ ಸಂಬಳ ಹೋಲಿಸುವಾಗ ಮೊದಲು ಓಟಿ ಬಿಟ್ಟು 8 ಗಂಟೆಯ ಸಂಬಳವನ್ನು ಪಕ್ಕಪಕ್ಕ ಇಡಬೇಕು. ಅಟೆಂಡೆನ್ಸ್ ಬೋನಸ್, ನೈಟ್ ಶಿಫ್ಟ್ ಭತ್ಯೆ ಇವೂ ಅಷ್ಟೇ. ಬಂದರೆ ಬಂತು ಅನ್ನೋ ದುಡ್ಡು. ಬಾಡಿಗೆ ಮನೆ ಹಿಡಿಯುವಾಗ ಅದನ್ನು ನಂಬಬಾರದು.

ಸಂಬಳ ಅಂತ ಬರೆಯದೇ ಇರೋ ಸಂಬಳವೂ ಒಂದಿದೆ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆ, ಅಂದರೆ ಕೆಲಸಗಾರರ ಸಾಲುಮನೆ ನೋಡಿದವರಿಗೆ ಇದು ಗೊತ್ತು. ತೋಟದವರಿಗೆ ದಿನಗೂಲಿ ಕಡಿಮೆ ಕಾಣಬಹುದು, ಆದರೆ ಮನೆಗೆ ಬಾಡಿಗೆ ಇಲ್ಲ, ಸೌದೆ ಅಲ್ಲೇ ಸಿಗುತ್ತೆ. ಕಾರ್ಖಾನೆಯಲ್ಲಿ ಅದರ ಜಾಗದಲ್ಲಿ ಕ್ಯಾಂಟೀನ್ ಇದೆ, ಕಂಪನಿ ಬಸ್ಸಿದೆ. ಒಂದು ಹೊತ್ತಿನ ಊಟ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಸಿಕ್ಕಿ, ಹೊರಗೆ ಅದೇ ಊಟಕ್ಕೆ 70 ಆಗುತ್ತೆ ಅಂತ ಇಟ್ಕೊಳ್ಳಿ. 26 ದಿನಕ್ಕೆ 1,560 ರೂಪಾಯಿ. ಅದು ಯಾವ ಪೇ ಸ್ಲಿಪ್‌ನಲ್ಲೂ ಕಾಣೋದಿಲ್ಲ.

## ಜೀವನ ವೆಚ್ಚ ಅನ್ನೋ ಬುಟ್ಟಿ

"ಬೆಂಗಳೂರು ಕಾಸ್ಟ್ಲಿ" ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಕಾಸ್ಟ್ಲಿ ಅಂತ ಅಳೆಯೋದು ಹೇಗೆ? ಒಂದು ಬುಟ್ಟಿ ತಗೊಳ್ಳಿ. ಅದಕ್ಕೆ ಒಂದು ಮನೆಯ ಒಂದು ತಿಂಗಳ ಖರ್ಚೆಲ್ಲ ತುಂಬಿ. ಅಕ್ಕಿ, ರಾಗಿ, ಬೇಳೆ, ಎಣ್ಣೆ, ಬಾಡಿಗೆ, ಗ್ಯಾಸ್, ಬಸ್ ಚಾರ್ಜ್, ಶಾಲೆ ಫೀಸ್, ಮಾತ್ರೆ, ಬಟ್ಟೆ. ಅದೇ ಬುಟ್ಟಿ ಹಾಸನದಲ್ಲಿ 10,000ಕ್ಕೆ ತುಂಬಿ, ಬೆಂಗಳೂರಲ್ಲಿ 14,000ಕ್ಕೆ ತುಂಬಿದರೆ, ಹಾಸನವನ್ನು 100 ಅಂತ ಇಟ್ಟುಕೊಂಡಾಗ ಬೆಂಗಳೂರು 140. ಇದೇ ಸೂಚ್ಯಂಕ. ಅದರಲ್ಲಿ ಬೇರೇನೂ ಗುಟ್ಟಿಲ್ಲ.

ಬುಟ್ಟಿಯಲ್ಲಿ ಏನಿರಬೇಕು ಅನ್ನೋದು ಹಳೇ ಪ್ರಶ್ನೆ. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಒಂದು ಅಳತೆ ಹಾಕಿಕೊಟ್ಟಿತು. ದುಡಿಯೋನು ಒಬ್ಬ, ಹೆಂಡತಿ, ಎರಡು ಮಕ್ಕಳು. ಊಟದ ಲೆಕ್ಕಕ್ಕೆ ಇದು 3 ಪಾಲು. ಗಂಡನಿಗೆ 1, ಹೆಂಡತಿಗೆ 0.8, ಮಕ್ಕಳಿಗೆ ತಲಾ 0.6. ಒಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ. ಮನೆಗೆಲ್ಲ ವರ್ಷಕ್ಕೆ 72 ಗಜ ಬಟ್ಟೆ. ಅದರ ಮೇಲೆ ಬಾಡಿಗೆ. ಸೌದೆ, ದೀಪ, ಇತರೆಗೆ ಕನಿಷ್ಠ ವೇತನದಲ್ಲಿ ಶೇ 20. ಮಕ್ಕಳ ಓದು, ಔಷಧ, ಹಬ್ಬ ಹರಿದಿನ, ಮದುವೆ ಇವು ಆ ಲೆಕ್ಕದಲ್ಲಿ ಇರಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಇನ್ನೊಂದು ಶೇ 25 ಸೇರಿಸಬೇಕು ಅಂತ ಹೇಳಿತು. (ಹೆಂಡತಿಗೆ ಮಾತ್ರ 0.8 ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ಹೆಂಗಸರಿಗೆ ಕ್ಯಾಲೊರಿ ಕಡಿಮೆ ಸಾಕು ಅನ್ನೋ ಅಂದಾಜು. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿಟ್ಟು ಗಾರ್ಮೆಂಟ್ಸ್‌ಗೆ ಹೋಗೋರನ್ನ ಅವರು ನೋಡಿರಲಿಲ್ಲವೇನೋ.)

ಈಗ ಕೇಂದ್ರದ ಲೇಬರ್ ಬ್ಯೂರೋ ಪ್ರತಿ ತಿಂಗಳು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಕೊಡುತ್ತದೆ. ದೇಶದ 88 ಕೈಗಾರಿಕಾ ಕೇಂದ್ರಗಳ 317 ಮಾರುಕಟ್ಟೆಗಳಿಂದ ಬೆಲೆ ತರಿಸಿ ಲೆಕ್ಕ ಹಾಕುತ್ತಾರೆ. ಕಾರ್ಮಿಕರ ಡಿಎ ಏರೋದು ಈ ಥರದ ಸೂಚ್ಯಂಕ ನೋಡಿಕೊಂಡೇ. ಅವರ ಬುಟ್ಟಿಯಲ್ಲಿ ಆಹಾರಕ್ಕೆ ಶೇ 39.17 ಪಾಲು. ಮನೆಗೆ ಶೇ 16.87. ಬಟ್ಟೆ, ಚಪ್ಪಲಿಗೆ ಶೇ 6.08. ಉರುವಲು, ದೀಪಕ್ಕೆ ಶೇ 5.50. ಎಲೆ ಅಡಿಕೆ, ಬೀಡಿ, ಎಣ್ಣೆ ಹಾಕೋದು ಇದಕ್ಕೆಲ್ಲ ಶೇ 2.07. ಉಳಿದ ಶೇ 30.31 ಶಾಲೆ, ಔಷಧ, ಓಡಾಟ, ಫೋನ್ ಹೀಗೆ.

ಬಾಡಿಗೆಯ ಪಾಲು ನೋಡಿ. ಶೇ 16.87 ಅನ್ನೋದು ದೇಶದ ಎಲ್ಲಾ ಕೇಂದ್ರಗಳ ಸರಾಸರಿ. ಹೊಸದಾಗಿ ಬೆಂಗಳೂರಿಗೆ ಹೋಗಿ ಸಂಸಾರಕ್ಕೆ ಮನೆ ಹಿಡಿಯೋನ ಬುಟ್ಟಿಯಲ್ಲಿ ಬಾಡಿಗೆ ಇದರ ಎರಡು ಪಟ್ಟು ಆಗೋದು ಸುಲಭ. ಸರಾಸರಿ ಬುಟ್ಟಿ ಯಾರದೋ ಬುಟ್ಟಿ. ನಿಮ್ಮದು ನೀವೇ ಹೆಣೆಯಬೇಕು.

ನಗರಗಳನ್ನು ಹೋಲಿಸೋ ಜಾಲತಾಣಗಳದಂತೂ ಇನ್ನೂ ಬೇರೆ ಬುಟ್ಟಿ. ನಂಬಿಯೋ ಅಂತ ಒಂದಿದೆ. ಅದು ನ್ಯೂಯಾರ್ಕ್ ಅನ್ನು 100 ಅಂತ ಇಟ್ಟುಕೊಂಡು ಬೇರೆ ಊರನ್ನು ಅಳೆಯುತ್ತದೆ. ಬೆಲೆಗಳನ್ನು ಓದುಗರೇ ತುಂಬುತ್ತಾರೆ. ಅದರ ಪಟ್ಟಿಯಲ್ಲಿ ಕ್ಯಾಪುಚಿನೊ ಇದೆ, ಹೊರದೇಶದ ಬಿಯರ್ ಇದೆ, ಜಿಮ್ ಫೀಸ್ ಇದೆ. ಮುದ್ದೆ ಸಾರು ಉಂಡು ಬಿ ಶಿಫ್ಟಿಗೆ ಹೋಗೋ ಆಪರೇಟರನಿಗೆ ಆ ಪಟ್ಟಿಯಿಂದ ಹೆಚ್ಚು ಉಪಯೋಗವಿಲ್ಲ.

## ಯಾವುದರ ಬೆಲೆ ಏರುತ್ತೆ, ಯಾವುದರದ್ದು ಏರೋದಿಲ್ಲ

ಊರು ಬದಲಾದರೆ ಎಲ್ಲಾ ಬೆಲೆಯೂ ಏರುತ್ತೆ ಅನ್ನೋದು ತಪ್ಪು. ನಂದಿನಿ ನೀಲಿ ಪ್ಯಾಕೆಟ್ಟಿಗೆ ಹಾಸನದಲ್ಲೂ ಬೆಂಗಳೂರಲ್ಲೂ ಒಂದೇ ಬೆಲೆ. ಮೊಬೈಲ್ ರೀಚಾರ್ಜ್ ಒಂದೇ. ಸೋಪು, ಪೇಸ್ಟು, ಬಿಪಿ ಮಾತ್ರೆ ಇವಕ್ಕೆ ಪೊಟ್ಟಣದ ಮೇಲೆ ಬರೆದ ಬೆಲೆ. ಬೈಕಿನ ಕಂತು ಎಲ್ಲಿದ್ದರೂ ಅಷ್ಟೇ. ಗ್ಯಾಸ್ ಸಿಲಿಂಡರ್‌ಗೆ ವ್ಯತ್ಯಾಸ ಇದ್ದರೂ ಲೆಕ್ಕಕ್ಕೆ ಬರುವಷ್ಟಿಲ್ಲ.

ಹಾಗಾದರೆ ಏರೋದು ಯಾವುದು? ಲಾರಿಯಲ್ಲಿ ಹಾಕಿ ಸಾಗಿಸೋಕೆ ಆಗದೇ ಇರೋದು. ಹಾಸನದಲ್ಲಿ ಬಾಡಿಗೆ ಕಡಿಮೆ ಇದೆ ಅಂತ ಇಲ್ಲಿನ ಮನೆಯನ್ನು ಪೀಣ್ಯಕ್ಕೆ ಕೊಂಡೊಯ್ಯೋಕೆ ಆಗುತ್ತಾ? ಕಟಿಂಗ್ ಶಾಪ್, ಟೈಲರ್, ಆಟೋ, ನರ್ಸರಿ ಶಾಲೆ, ಹೋಟೆಲ್ ತಿಂಡಿ ಎಲ್ಲ ಇದೇ ಜಾತಿ. ಹೋಟೆಲಿನವನೂ ಬೆಂಗಳೂರಿನ ಬಾಡಿಗೆ ಕಟ್ಟಬೇಕು, ಅಲ್ಲಿನ ಸಂಬಳ ಕೊಡಬೇಕು. ನಿಮ್ಮ ಇಡ್ಲಿಯ ರೇಟಿನೊಳಗೆ ಅವನ ಅಂಗಡಿ ಬಾಡಿಗೆಯೂ ಕೂತಿದೆ.

ಸರ್ಕಾರಕ್ಕೂ ಇದು ಗೊತ್ತು. ಕೇಂದ್ರ ಸರ್ಕಾರಿ ನೌಕರರ ಬೇಸಿಕ್ ಎಲ್ಲಾ ಊರಲ್ಲೂ ಒಂದೇ, ಆದರೆ ಮನೆ ಬಾಡಿಗೆ ಭತ್ಯೆ ಬೇರೆ. ಊರುಗಳನ್ನು ಎಕ್ಸ್, ವೈ, ಜಡ್ ಅಂತ ಮೂರು ಮಾಡಿದ್ದಾರೆ. ಬೆಂಗಳೂರು ಎಕ್ಸ್, ಮೈಸೂರು ವೈ, ಹಾಸನ ಜಡ್. 2024ರ ಜನವರಿಯಿಂದ ಬೇಸಿಕ್‌ನ ಶೇ 30, 20, 10 ಅಂತ ಕೊಡುತ್ತಿದ್ದಾರೆ. 18,000 ಬೇಸಿಕ್ ಇದ್ದವನಿಗೆ ಬೆಂಗಳೂರಲ್ಲಿ 5,400, ಹಾಸನದಲ್ಲಿ 1,800. ವ್ಯತ್ಯಾಸ 3,600. ರಾಜ್ಯದ ಕನಿಷ್ಠ ವೇತನದ ಪಟ್ಟಿಯಲ್ಲೂ ಊರುಗಳನ್ನು ವಲಯಗಳಾಗಿ ಹಂಚಿ, ಬೆಂಗಳೂರಿಗೆ ಜಾಸ್ತಿ ದರ ಇಟ್ಟಿರುವುದು ಇದೇ ಕಾರಣಕ್ಕೆ.

ಓಡಾಟದ ಖರ್ಚು ಗಂಡು ಹೆಣ್ಣು ನೋಡಿಕೊಂಡು ಬದಲಾಗುತ್ತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ದುದ್ದದಿಂದ ಹಾಸನಕ್ಕಾದರೂ ಅಷ್ಟೇ, ಬೆಂಗಳೂರಿನಲ್ಲಿ ಬಿಎಂಟಿಸಿ ಆದರೂ ಅಷ್ಟೇ. ಗಂಡಸರಿಗೆ 2025ರ ಜನವರಿಯಲ್ಲಿ ಬಸ್ ಚಾರ್ಜ್ ಶೇ 15 ಏರಿತು. ಮರುತಿಂಗಳೇ ಮೆಟ್ರೋ ಚಾರ್ಜೂ ಏರಿತು. ಗರಿಷ್ಠ ಟಿಕೆಟ್ 90 ರೂಪಾಯಿ ಆಯ್ತು. ಪೀಣ್ಯಕ್ಕೆ ಮೆಟ್ರೋ ಇದೆ ನಿಜ. ದಿನಾ ಹತ್ತೋಕೆ ಎಷ್ಟಾಗುತ್ತೆ ಅಂತ ಗುಣಿಸಿ ನೋಡಬೇಕು.

## ಭಾಗಾಕಾರ, ಅದರಲ್ಲಿರೋ ಎರಡು ಗುಂಡಿ

ಸೂಚ್ಯಂಕದಿಂದ ಸಂಬಳ ಹೋಲಿಸೋದು ಒಂದು ಭಾಗಾಕಾರ. ಬೆಂಗಳೂರು 140 ಅಂದುಕೊಂಡೆವು. ಕೈಗೆ ಬರೋ 23,000ವನ್ನು 1.4ರಿಂದ ಭಾಗಿಸಿ. ಸುಮಾರು 16,430. ಅಂದರೆ ಬೆಂಗಳೂರಿನ 23,000 ಕೊಳ್ಳೋದನ್ನು ಹಾಸನದಲ್ಲಿ 16,430 ಕೊಳ್ಳುತ್ತೆ. ಹಾಸನದ ಇನ್ ಹ್ಯಾಂಡ್ 16,000. ಏಳು ಸಾವಿರದ ವ್ಯತ್ಯಾಸ 430 ರೂಪಾಯಿಗೆ ಇಳಿಯಿತು. ಅವನಮ್ಮ ಕಾಫಿ ಲೋಟ ಕೆಳಗಿಟ್ಟದ್ದು ಇಲ್ಲೇ.

ಮೊದಲನೇ ಗುಂಡಿ ಇದು. ಲೇಬರ್ ಬ್ಯೂರೋ ಕೊಡೋ ಕೇಂದ್ರವಾರು ಸೂಚ್ಯಂಕವನ್ನು ಈ ಭಾಗಾಕಾರಕ್ಕೆ ಹಾಕಬಾರದು. ಅದು ಊರು ಊರಿನ ಹೋಲಿಕೆ ಅಲ್ಲ, ಅದೇ ಊರಿನ ಹಿಂದಿನದಕ್ಕೂ ಇವತ್ತಿಗೂ ಹೋಲಿಕೆ. ಈಗಿನ ಸರಣಿಯಲ್ಲಿ 2016ರ ಬೆಲೆಯನ್ನು ಪ್ರತಿ ಊರಲ್ಲೂ 100 ಅಂತ ಇಟ್ಟಿದ್ದಾರೆ. ಕಾಫಿ ತೋಟದ ಎರಡು ಸಿಲ್ವರ್ ಮರ ನೆನೆಸಿಕೊಳ್ಳಿ. ಅಳೆಯೋಕೆ ಶುರು ಮಾಡಿದಾಗ ಒಂದು 10 ಅಡಿ, ಇನ್ನೊಂದು 20 ಅಡಿ. ಈಗ ಮೊದಲನೆಯದು 14 ಅಡಿ, ಎರಡನೆಯದು 27 ಅಡಿ. ಮೊದಲನೆಯದರ ಸೂಚ್ಯಂಕ 140, ಎರಡನೆಯದರದು 135. ಹಾಗಂತ 140ರ ಮರ ಎತ್ತರವಾ? ಸಣ್ಣ ಊರಿನ ಸೂಚ್ಯಂಕ ಬೆಂಗಳೂರಿನದ್ದಕ್ಕಿಂತ ಜಾಸ್ತಿ ಕಂಡರೆ, ಅಲ್ಲಿ 2016ರಿಂದೀಚೆಗೆ ಬೆಲೆ ಬೇಗ ಏರಿದೆ ಅಂತ ಅರ್ಥ ಅಷ್ಟೇ. ಆ ಊರು ದುಬಾರಿ ಅಂತಲ್ಲ. ಓದಿಕೊಂಡವರೂ ಇಲ್ಲಿ ಎಡವುತ್ತಾರೆ.

ಎರಡನೇ ಗುಂಡಿ ಇನ್ನೂ ಆಳದ್ದು. ಭಾಗಾಕಾರ ಮಾಡುವಾಗ ಇಡೀ ಸಂಬಳವನ್ನು ಬೆಂಗಳೂರಲ್ಲೇ ಖರ್ಚು ಮಾಡುತ್ತೀರಿ ಅಂದುಕೊಂಡಿರುತ್ತೇವೆ. ಯಾರು ಹಾಗೆ ಮಾಡುತ್ತಾರೆ? ನಮ್ಮ ಕಡೆ ಹುಡುಗರು ಊರಿಗೆ ದುಡ್ಡು ಕಳಿಸುತ್ತಾರೆ. ಆ ದುಡ್ಡು ಮನೆಯ ಶೀಟಿಗೋ, ತಂಗಿ ಮದುವೆಗೋ, ಆಲೂಗಡ್ಡೆ ಬಿತ್ತನೆಗೋ ಹೋಗುತ್ತೆ. ಹಾಸನದ ಬೆಲೆಯಲ್ಲಿ ಖರ್ಚಾಗೋ ದುಡ್ಡನ್ನು ಬೆಂಗಳೂರಿನ ಬೆಲೆಯಿಂದ ಭಾಗಿಸೋದು ಯಾಕೆ? 8,500 ಉಳಿಸಿ ಕಳಿಸಿದರೆ ಅದು ಇಲ್ಲಿ 8,500 ರೂಪಾಯಿಯೇ. 1.4ರಿಂದ ಭಾಗಿಸಿ 6,070 ಅಂತ ಬರೆದರೆ ಲೆಕ್ಕದಲ್ಲಿ ಅವನ ಎರಡು ಸಾವಿರಕ್ಕೂ ಜಾಸ್ತಿ ದುಡ್ಡು ಸುಮ್ನೆ ಮಾಯವಾಯ್ತು. ದುಬಾರಿ ಊರಲ್ಲಿ ಖರ್ಚು ಮಾಡೋ ಭಾಗಕ್ಕೆ ಮಾತ್ರ ಆ ಊರಿನ ಬೆಲೆ ತಟ್ಟುತ್ತೆ.

ಅದಕ್ಕೇ ನಾವು ಭಾಗಾಕಾರ ಬಿಟ್ಟು, ಖರ್ಚು ಕಳೆದು ಕೊನೆಗೆ ಉಳಿಯೋದು ಎಷ್ಟು ಅಂತ ನೋಡಿದೆವು.

## ಒಂಟಿ ಹುಡುಗನ ಲೆಕ್ಕ

ಹಾಸನ ಮೊದಲು. ಮನೆಯಿಂದಲೇ ಹೋಗಿ ಬರುತ್ತಾನೆ, ಬಾಡಿಗೆ ಇಲ್ಲ. ಊಟಕ್ಕೆ ಅಂತ ಅಮ್ಮನ ಕೈಗೆ 3,000. ಬೈಕಿಗೆ ಪೆಟ್ರೋಲ್ 1,800. ಟೀ, ತಿಂಡಿ 1,200. ರೀಚಾರ್ಜ್ 300. ಬಟ್ಟೆ, ಇತರೆ 1,500. ಒಟ್ಟು 7,800. ಕೈಗೆ ಬಂದ 16,000ದಲ್ಲಿ ಉಳಿಯೋದು 8,200.

ಬೆಂಗಳೂರು. ನಾಲ್ಕು ಜನ ಸೇರಿ ದಾಸರಹಳ್ಳಿ ಕಡೆ ರೂಮು, ಇವನ ಪಾಲು ಕರೆಂಟು ನೀರು ಸೇರಿ 3,500. ಮೆಸ್ 4,500. ಬಸ್ 1,000. ಟೀ, ತಿಂಡಿ 2,000. ರೀಚಾರ್ಜ್ ಅದೇ 300. ಬಟ್ಟೆ, ಇತರೆ 2,000. ತಿಂಗಳಿಗೆ ಎರಡು ಸಲ ಊರಿಗೆ ಬರೋಕೆ 1,200. ಒಟ್ಟು 14,500. 23,000ದಲ್ಲಿ ಉಳಿಯೋದು 8,500.

ಮುನ್ನೂರು ರೂಪಾಯಿ ವ್ಯತ್ಯಾಸ. ಅದೂ ಅವನು ಊರಿಂದ ತರೋ ಚೀಲವನ್ನು ಲೆಕ್ಕಕ್ಕೆ ಹಿಡಿಯದೇ. ಸೋಮವಾರ ಬೆಳಗಿನ ಜಾವ ಹಾಸನ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸು ಕಾಯೋರನ್ನ ನೋಡಿದ್ದೀರಾ? ಪ್ರತಿಯೊಬ್ಬರ ಕಾಲ ಬುಡದಲ್ಲೂ ಒಂದು ಚೀಲ. ರಾಗಿ ಹಿಟ್ಟು, ಸಾಂಬಾರ್ ಪುಡಿ, ನಾಲ್ಕು ತೆಂಗಿನಕಾಯಿ, ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ, ಪೇಪರ್‌ನಲ್ಲಿ ಸುತ್ತಿದ ಹುರುಳಿಕಾಳು. ಬೆಂಗಳೂರಿನ ಕಾರ್ಖಾನೆಯ ಸಂಬಳದಲ್ಲಿ ಹಾಸನದ ಹೊಲವೂ ಒಂದು ಪಾಲು ಕೊಡುತ್ತಿದೆ. ಅದನ್ನ ಯಾವ ಬ್ಯೂರೋನೂ ಬರೆದುಕೊಂಡಿಲ್ಲ.

ಆದರೆ ಇದೇ ಎರಡು ಆಫರ್ ರಾಯಚೂರಿನ ಹುಡುಗನಿಗೆ ಬಂದರೆ? ಅವನಿಗೆ ಹಾಸನದಲ್ಲೂ ಮನೆಯಿಲ್ಲ. ರೂಮಿನ ಪಾಲು 2,000, ಮೆಸ್ 3,500, ಬಸ್ 800, ಟೀ ತಿಂಡಿ 1,500, ರೀಚಾರ್ಜ್ 300, ಇತರೆ 1,500, ತಿಂಗಳಿಗೊಮ್ಮೆ ದೂರದ ಊರಿಗೆ 1,500. ಒಟ್ಟು 11,100. ಉಳಿಯೋದು 4,900. ಬೆಂಗಳೂರಲ್ಲಿ ಅವನಿಗೂ ಹೆಚ್ಚುಕಡಿಮೆ ಎಂಟು ಸಾವಿರ ಉಳಿಯುತ್ತೆ. ಅವನು ಬೆಂಗಳೂರಿಗೆ ಹೋಗೋದೇ ಸರಿ. ಹಾಸನ ಅಗ್ಗ ಅನ್ನೋದು ಅರ್ಧ ನಿಜ. ಹಾಸನದಲ್ಲಿ ಮನೆ ಇರೋರಿಗೆ ಹಾಸನ ಅಗ್ಗ.

## ಸಂಸಾರ ಕಟ್ಟಿಕೊಂಡು ಹೋದರೆ

ಈಗ ಎಂಟು ವರ್ಷ ಕೆಲಸ ಮಾಡಿ ಸೆಟ್ಟರ್ ಆದವನನ್ನು ತಗೊಳ್ಳಿ. ಸೆಟ್ಟರ್ ಅಂದರೆ ಮೆಷಿನ್ ಓಡಿಸೋದಷ್ಟೇ ಅಲ್ಲ, ಹೊಸ ಜಾಬ್‌ಗೆ ಟೂಲ್ ಕೂರಿಸಿ, ಫಸ್ಟ್ ಪೀಸ್ ತೆಗೆದು, ಅಳತೆ ಓಕೆ ಮಾಡಿಸಿಕೊಡೋನು. ಹೆಂಡತಿ, ಎರಡು ಮಕ್ಕಳು. ಹಾಸನದಲ್ಲಿ ಕೈಗೆ 22,000, ಬೆಂಗಳೂರಲ್ಲಿ 31,000 ಅಂತ ಇಟ್ಟುಕೊಳ್ಳೋಣ.

ಹಾಸನದಲ್ಲಿ ಬಾಡಿಗೆ 5,500. ದಿನಸಿ, ತರಕಾರಿ, ಹಾಲು, ಗ್ಯಾಸ್ 8,000. ಶಾಲೆ, ವ್ಯಾನು 2,500. ಪೆಟ್ರೋಲ್ 1,500. ಕರೆಂಟು, ನೀರು, ಫೋನ್ 700. ಆಸ್ಪತ್ರೆ, ಬಟ್ಟೆ, ಹಬ್ಬ 2,500. ಒಟ್ಟು 20,700. ಉಳಿದದ್ದು 1,300.

ಬೆಂಗಳೂರಲ್ಲಿ ಅದೇ ಅಳತೆಯ ಮನೆಗೆ 11,000. ದಿನಸಿ ಇತ್ಯಾದಿ 9,000. ಶಾಲೆ, ವ್ಯಾನು 5,000. ಓಡಾಟ 1,500. ಕರೆಂಟು, ನೀರು, ಫೋನ್ 1,300. ಆಸ್ಪತ್ರೆ, ಬಟ್ಟೆ, ಹಬ್ಬ 3,000. ಊರಿಗೆ ಬಂದು ಹೋಗೋಕೆ 800. ಒಟ್ಟು 31,600. ಉಳಿಯೋದಿರಲಿ, 600 ಸಾಲ.

ಒಂಬತ್ತು ಸಾವಿರ ಜಾಸ್ತಿ ಸಂಬಳ ತಗೊಂಡು ತಿಂಗಳಿಗೆ 1,900 ಹಿಂದೆ ಬಿದ್ದ. ಯಾಕೆ ಅಂತ ನೋಡಿ. ದಿನಸಿಯಲ್ಲಿ ಏರಿದ್ದು ಒಂದೇ ಸಾವಿರ. ಬಾಡಿಗೆ ಮತ್ತು ಶಾಲೆ, ಇವೆರಡೇ 8,000 ತಿಂದವು. ಲಾರಿಗೆ ಹಾಕೋಕೆ ಆಗದ ಸಾಮಾನು ಅಂದೆನಲ್ಲ, ಅವೇ. ಒಂಟಿ ಹುಡುಗ ರೂಮಿನ ಬಾಡಿಗೆಯನ್ನು ನಾಲ್ಕು ಭಾಗ ಮಾಡಿಕೊಂಡ. ಸಂಸಾರಸ್ಥನಿಗೆ ಆ ದಾರಿ ಇಲ್ಲ.

ಬೆಂಗಳೂರಿನ ಅಡ್ವಾನ್ಸ್ ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ. 80,000 ಅಡ್ವಾನ್ಸ್ ಕೇಳಿದರು, ಕೈಯಲ್ಲಿಲ್ಲ, ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದ ಅಂದುಕೊಳ್ಳಿ. ತಿಂಗಳಿಗೆ 1,600 ಬಡ್ಡಿ. ಅದು ಬೇರೆ ಹೆಸರಿನ ಬಾಡಿಗೆ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಳ್ಳೋದು ಬೇರೆ.

ಹೆಂಡತಿಯೂ ಕೆಲಸಕ್ಕೆ ಹೋಗೋ ಹಾಗಿದ್ದರೆ ಲೆಕ್ಕ ಮತ್ತೆ ತಿರುಗುತ್ತೆ. ಬಾಡಿಗೆ ಒಂದೇ, ದುಡಿಯೋರು ಇಬ್ಬರು. ಪೀಣ್ಯದ ಸುತ್ತ ಗಾರ್ಮೆಂಟ್ಸ್‌ಗಳು ಬಹಳ. ಹಾಸನದಲ್ಲೂ ಜವಳಿ ಕೆಲಸ ಇದೆ, ಆದರೆ ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಸೇರೋಕೆ ಇರೋ ಬಾಗಿಲುಗಳು ಕಡಿಮೆ. ಕೆಲಸ ಹೋದರೆ ಮತ್ತೊಂದು ಎಷ್ಟು ದಿನಕ್ಕೆ ಸಿಗುತ್ತೆ ಅನ್ನೋದಕ್ಕೆ ರೂಪಾಯಿ ಕಟ್ಟೋದು ಕಷ್ಟ. ಆದರೂ ಅದು ದೊಡ್ಡ ಊರಿನ ನಿಜವಾದ ಲಾಭ. ಸಣ್ಣ ಊರಲ್ಲಿ ನಾಲ್ಕೇ ಮೆಷಿನ್ ನೋಡಿದವನು ದೊಡ್ಡ ಊರಲ್ಲಿ ನಲವತ್ತು ನೋಡುತ್ತಾನೆ, ಸೆಟ್ಟರ್ ಆಗೋದೂ ಬೇಗ. ಮೊದಲ ಮೂರು ನಾಲ್ಕು ವರ್ಷಕ್ಕೆ ನಾನಾದರೆ ಇದಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ.

## ರಾಜ್ಯ ದಾಟಿದರೆ, ದೇಶ ದಾಟಿದರೆ

ಹೊಸೂರಿನ ಆಫರ್‌ಗೂ ಇದೇ ಲೆಕ್ಕ. ಒಂದು ವಿಷಯ ಮಾತ್ರ ಸೇರಿಸಿಕೊಳ್ಳಿ. ಶಕ್ತಿ ಬಸ್ಸು, ಗೃಹಜ್ಯೋತಿ ಕರೆಂಟು ಇವು ಕರ್ನಾಟಕದ ಯೋಜನೆಗಳು. ಅತ್ತಿಬೆಲೆ ದಾಟಿ ಮನೆ ಮಾಡಿದರೆ ಅವು ಜೊತೆಗೆ ಬರೋದಿಲ್ಲ. ಅಲ್ಲಿ ತಮಿಳುನಾಡಿನವೇ ಯೋಜನೆಗಳಿವೆ. ನಿಮಗೆ ಯಾವುದು ಸಿಗುತ್ತೆ ಅಂತ ಅಲ್ಲೇ ಇರೋರನ್ನ ಕೇಳಬೇಕು.

ದುಬೈ ಕಡೆಯ ಕೆಲಸಕ್ಕೆ ದಿರ್ಹಮ್ ಇಷ್ಟು ಅಂದ ಕೂಡಲೇ ನಾವು ರೂಪಾಯಿಗೆ ಗುಣಿಸಿಬಿಡುತ್ತೇವೆ. ಕಳಿಸೋ ದುಡ್ಡಿಗೆ ಆ ಗುಣಾಕಾರ ಸರಿ. ಅಲ್ಲಿ ತಿನ್ನೋ ಊಟಕ್ಕೆ ಸರಿಯಲ್ಲ. ದೇಶ ದೇಶಗಳ ಬುಟ್ಟಿ ಹೋಲಿಸೋ ವಿಧಾನಕ್ಕೆ ಕೊಳ್ಳುವ ಶಕ್ತಿಯ ಸಮಾನತೆ ಅಂತ ಹೆಸರು. ವಿಶ್ವಬ್ಯಾಂಕ್ ಇದರ ಲೆಕ್ಕ ಇಡುತ್ತದೆ. ಅಮೆರಿಕದಲ್ಲಿ ಒಂದು ಡಾಲರ್ ಕೊಳ್ಳೋದನ್ನು ಭಾರತದಲ್ಲಿ ಕೊಳ್ಳೋಕೆ ಸುಮಾರು 20 ರೂಪಾಯಿ ಸಾಕು ಅನ್ನುತ್ತೆ ಆ ಲೆಕ್ಕ. ಬ್ಯಾಂಕಿನಲ್ಲಿ ಡಾಲರಿಗೆ ಸಿಗೋದು ಅದರ ನಾಲ್ಕು ಪಟ್ಟಿಗೂ ಜಾಸ್ತಿ. ಕಂಪನಿಯೇ ರೂಮು, ಊಟ ಕೊಟ್ಟರೆ ಗಲ್ಫ್ ಕೆಲಸ ಲಾಭ ಕಾಣೋದು ಇದಕ್ಕೇ. ಅಲ್ಲಿ ಖರ್ಚೇ ಇಲ್ಲ, ಉಳಿದದ್ದೆಲ್ಲ ಇಲ್ಲಿನ ಬೆಲೆಯಲ್ಲಿ ಖರ್ಚು. ರೂಮು, ಊಟ ನಿಮ್ಮದೇ ಅಂದರೆ ಪೂರ್ತಿ ಬೇರೆ ಲೆಕ್ಕ.

## ಕಾಗದದ ಹಿಂದೆ ಉಳಿದ ಜಾಗ

ಇಷ್ಟೆಲ್ಲ ಆದಮೇಲೆ ಹುಡುಗ ಕಾಗದ ತಿರುಗಿಸಿ, ಕೆಳಗೆ ಉಳಿದ ಜಾಗದಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡ. ಶಿಫ್ಟ್ ಎಷ್ಟು ಗಂಟೆ? ಕಂಪನಿ ರೋಲಾ (ಕಂಪನಿಯೇ ನೇರ ಸೇರಿಸಿಕೊಳ್ಳೋದಾ), ಕಾಂಟ್ರ್ಯಾಕ್ಟಾ? ಬಸ್ಸು, ಕ್ಯಾಂಟೀನ್‌ಗೆ ಎಷ್ಟು ಹಿಡೀತೀರಿ? ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮ ಇರ್ತಾರಾ?

ಅಲ್ಲೇ ಜಗಲಿ ಮೇಲೆ ನಿಂತು ಬೆಂಗಳೂರಿನ ನಂಬರಿಗೆ ಫೋನ್ ಹಚ್ಚಿದ. ಭಾನುವಾರ ಆದರೂ ಯಾರೋ ಎತ್ತಿದರು. ಶಿಫ್ಟ್ ಎಂಟು ಗಂಟೆಯಂತೆ. ಕ್ಯಾಂಟೀನ್ ಇದೆಯಂತೆ, ತಿಂಗಳಿಗೆ 600 ಹಿಡಿಯುತ್ತಾರಂತೆ. ಅವನು ಮೆಸ್ಸಿನ 4,500ವನ್ನು ಹೊಡೆದುಹಾಕಿ 2,500 ಅಂತ ಬರೆದ, ಪಕ್ಕದಲ್ಲಿ 600 ಸೇರಿಸಿದ. "ಅಣ್ಣಾ, ಈಗ 9,900 ಉಳಿಯುತ್ತೆ" ಅಂದ. ಅವನಮ್ಮ ಕೇಳಿದ್ದು ಬೇರೆ. "ಆಸ್ಪತ್ರೆದು ಏನಂದ್ರು?" ಅದನ್ನು ಕೇಳೋಕೆ ಮರೆತಿದ್ದ. ಮತ್ತೆ ಫೋನ್ ಹಚ್ಚಿದ.